ರಾತ್ರಿ ಬಾಟಲಿ ಇಲ್ಲದೆ ಮಗು ಮಲಗುವುದು ಹೇಗೆ?

ಪ್ರಶ್ನೆ: ನನ್ನ ಮಗಳಿಗೆ ಹತ್ತು ತಿಂಗಳು. ಬಾಟಲಿ ಬಾಯಿಗಿಟ್ಟರೇ ನಿದ್ದೆ. ರಾತ್ರಿ ಮೂರು ಸಲ ಎದ್ದು ಮತ್ತೆ ಹಾಲು ಕೇಳುತ್ತಾಳೆ. ಬಿಡಿಸುವುದು ಹೇಗೆ?

ಉತ್ತರ: ಇವತ್ತು ರಾತ್ರಿ ಒಂದು ವಿಷಯ ಗಮನಿಸಿ. ಎದ್ದಾಗ ಅವಳು ಬಾಟಲಿ ಪೂರ್ತಿ ಖಾಲಿ ಮಾಡುತ್ತಾಳಾ, ಇಲ್ಲಾ ನಾಲ್ಕು ಗುಟುಕು ಕುಡಿದು ಕಣ್ಣು ಮುಚ್ಚುತ್ತಾಳಾ? ನಾಲ್ಕೇ ಗುಟುಕಾದರೆ ಅದು ಹೆಚ್ಚಾಗಿ ಅಭ್ಯಾಸ. ನನ್ನ ಮಗ ಹಾಲು ಮುಗಿದ ಮೇಲೂ ನಿಪ್ಪಲ್ ಬಿಡುತ್ತಿರಲಿಲ್ಲ. ಮೆಲ್ಲಗೆ ಎಳೆದುಕೊಂಡರೆ ತುಟಿ ಸುಮ್ನೆ ಚಪ್ಪರಿಸುತ್ತಲೇ ಇರುತ್ತಿತ್ತು. ಅದನ್ನು ನೋಡಿದ ಮೇಲೆಯೇ ಅವನಿಗೆ ಬೇಕಿರುವುದು ಹಾಲಲ್ಲ ಅಂತ ನನಗೆ ಹೊಳೆದದ್ದು.

ರಾತ್ರಿ ನಿದ್ದೆ ಎಲ್ಲರಿಗೂ ಆಗಾಗ ತೆಳುವಾಗುತ್ತದೆ. ನಾವು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ಮಕ್ಕಳಿಗೆ ಇದು ಹೆಚ್ಚು ಕಮ್ಮಿ ಗಂಟೆಗೊಮ್ಮೆ. ಮಲಗುವಾಗ ಬಾಯಲ್ಲಿದ್ದ ಬಾಟಲಿ ಎಚ್ಚರಾದಾಗ ಇಲ್ಲ. ಅಳು ಬರದೇ ಇರುತ್ತಾ? ಹಾಗಾಗಿ ಮೊದಲು ಬದಲಾಗಬೇಕಾದ್ದು ರಾತ್ರಿ ಮಲಗಿಸುವ ರೀತಿ.

ಕೊನೆಯ ಹಾಲನ್ನು ಮಲಗುವುದಕ್ಕೆ ಅರ್ಧ ಗಂಟೆ ಮೊದಲೇ, ದೀಪ ಹಾಕಿದ ಕೋಣೆಯಲ್ಲಿ, ಮಡಿಲಲ್ಲಿ ಕೂರಿಸಿಕೊಂಡು ಕೊಡಿ. ಆಮೇಲೆ ಹಲ್ಲು ಒರೆಸಿ, ಬಟ್ಟೆ ಬದಲಿಸಿ, ಒಂದು ಹಾಡು ಹೇಳಿ. ದಿನಾ ಇದೇ ಕ್ರಮ ಇರಲಿ. ಕಣ್ಣು ಎಳೆಯುತ್ತಿರುವಾಗಲೇ, ಪೂರ್ತಿ ನಿದ್ದೆ ಹೋಗುವ ಮುಂಚೆ, ಬೆನ್ನ ಮೇಲೆ ಮಲಗಿಸಿ. ಅಳು ಬಂದರೆ ಪಕ್ಕದಲ್ಲೇ ಕೂತು ತಟ್ಟಿ. ಬೇಕಿದ್ದರೆ ಎತ್ತಿಕೊಳ್ಳಿ, ಸಮಾಧಾನವಾದ ಮೇಲೆ ಮತ್ತೆ ಮಲಗಿಸಿ. ಮೊದಲ ಎರಡು ಮೂರು ರಾತ್ರಿ ನಿಜಕ್ಕೂ ಕಷ್ಟ. ಆದರೆ ನೀವು ಪಕ್ಕದಲ್ಲಿದ್ದೀರಿ ಅನ್ನೋದು ಅವಳಿಗೆ ಗೊತ್ತಾಗುತ್ತಿರುತ್ತದೆ.

ಇದು ಒಂದಿಷ್ಟು ಹಿಡಿತಕ್ಕೆ ಬಂದ ಮೇಲೆ ನಡುರಾತ್ರಿಯ ಹಾಲಿಗೆ ಕೈ ಹಾಕಿ. ಒಂದೇ ಸಲ ನಿಲ್ಲಿಸಬೇಡಿ. 180 ಮಿಲಿ ಕುಡಿಯುತ್ತಿದ್ದರೆ ಎರಡು ರಾತ್ರಿ 150, ಮುಂದಿನ ಎರಡು ರಾತ್ರಿ 120. ಹೀಗೆ 60ಕ್ಕೆ ಇಳಿದ ಮೇಲೆ ಬಾಟಲಿ ಬಿಟ್ಟು ಬರೀ ತಟ್ಟಿ ಮಲಗಿಸಿ. ಪುಡಿ ಹಾಲಾದರೆ ನೀರು, ಪುಡಿ ಎರಡನ್ನೂ ಅದರ ಅಳತೆಯಲ್ಲೇ ಕಮ್ಮಿ ಮಾಡಿ. ಹಾಲನ್ನು ತೆಳು ಮಾಡಿ ಕೊಡುವುದು ಮಾತ್ರ ಬೇಡ, ಅದು ಮಗುವಿಗೆ ಒಳ್ಳೆಯದಲ್ಲ. ರಾತ್ರಿ ಕಮ್ಮಿಯಾದದ್ದು ಹಗಲಿನ ಊಟದಲ್ಲಿ, ಹಾಲಿನಲ್ಲಿ ಸೇರಬೇಕು. ಬೆಳಿಗ್ಗೆ ಊಟ ಬೇಡ ಅನ್ನುತ್ತಿದ್ದ ಮಗು ಬಾಯಿ ತೆರೆಯಲು ಶುರು ಮಾಡಿದರೆ ದಾರಿ ಸರಿ ಇದೆ ಅಂತಲೇ ಅರ್ಥ.

ಇಷ್ಟೆಲ್ಲ ಯಾಕೆ ಅಂದರೆ, ಹಲ್ಲಿನ ವಿಚಾರ ಸಣ್ಣದಲ್ಲ. ನಿದ್ದೆಯಲ್ಲಿ ಜೊಲ್ಲು ಕಮ್ಮಿಯಾಗುತ್ತದೆ, ಹಾಲು ಮುಂದಿನ ಹಲ್ಲುಗಳ ಸುತ್ತ ನಿಂತುಬಿಡುತ್ತದೆ, ಹುಳುಕು ಶುರುವಾಗುತ್ತದೆ. ಇನ್ನೊಂದು ಮಾತು, ದಿಂಬಿಗೆ ಬಾಟಲಿ ಆನಿಸಿಟ್ಟು ಹೋಗುವುದು ಬೇಡವೇ ಬೇಡ. ಹಾಲು ನೆತ್ತಿಗೆ ಹತ್ತಿ ಉಸಿರು ಕಟ್ಟಬಹುದು.

ಆರು ತಿಂಗಳು ತುಂಬದ ಮಕ್ಕಳಿಗೆ ರಾತ್ರಿ ಹಾಲು ಬೇಕಾಗುತ್ತದೆ, ಬಿಡಿಸಲು ಹೋಗಬೇಡಿ. ಅವಧಿಗೆ ಮುಂಚೆ ಹುಟ್ಟಿದ್ದರೆ, ತೂಕ ಸರಿಯಾಗಿ ಏರುತ್ತಿಲ್ಲದಿದ್ದರೆ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ. ನಡುವೆ ಜ್ವರ ಬಂದರೆ ಇದನ್ನೆಲ್ಲ ಪಕ್ಕಕ್ಕಿಟ್ಟು ಕೇಳಿದಷ್ಟು ಹಾಲು ಕೊಡಿ. ವಾಸಿಯಾದ ಮೇಲೆ, 120ಕ್ಕೆ ನಿಂತಿದ್ದರೆ 120ರಿಂದಲೇ ಮುಂದುವರಿಸಿ.