ಕಾಮಾ ಇರುವುದು ಉಸಿರಾಡಲಿಕ್ಕಲ್ಲ

"ಓದುವಾಗ ಎಲ್ಲಿ ಉಸಿರು ತಗೋತೀರೋ ಅಲ್ಲೊಂದು ಕಾಮಾ ಹಾಕಿ." ಇಂಗ್ಲಿಷ್ ಪಾಠದಲ್ಲಿ ಈ ಮಾತು ಕೇಳದವರು ಕಡಿಮೆ. ನನಗಂತೂ ಇದು ಕಿವಿಗೆ ಬಿದ್ದಾಗಲೆಲ್ಲ ಸಿಟ್ಟು ಬರುತ್ತದೆ. ಮೂರು ಮಹಡಿ ಹತ್ತಿ ಬಂದು ಬರೆದರೆ ಕಾಮಾ ಜಾಸ್ತಿ, ಆರಾಮಾಗಿ ಕೂತು ಬರೆದರೆ ಕಮ್ಮಿ ಅಂತಾಯಿತಲ್ವಾ?

ಹಾಗಂತ ಇದು ಸುಮ್ನೆ ಹುಟ್ಟಿದ ಮಾತೂ ಅಲ್ಲ. ಕ್ರಿಸ್ತಪೂರ್ವ 200ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ದೊಡ್ಡ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದವನು ಬೈಜಾಂಟಿಯಂನ ಅರಿಸ್ಟೋಫನೀಸ್. (ನಾಟಕಕಾರ ಅರಿಸ್ಟೋಫನೀಸ್ ಬೇರೆ, ಇವನು ಬೇರೆ.) ಆಗ ಗ್ರೀಕರು ಪದಗಳ ನಡುವೆ ಜಾಗವನ್ನೂ ಬಿಡದೆ ಉದ್ದಕ್ಕೆ ಬರೆದುಕೊಂಡು ಹೋಗುತ್ತಿದ್ದರು. ಗಟ್ಟಿಯಾಗಿ ಓದುವವರಿಗೆ ಅನುಕೂಲವಾಗಲಿ ಅಂತ ಈತ ಮೂರು ಎತ್ತರಗಳಲ್ಲಿ ಚುಕ್ಕಿ ಇಡುವ ಪದ್ಧತಿ ತಂದ. ಚಿಕ್ಕ ನಿಲುಗಡೆಗೆ ಒಂದು, ನಡುವಿನದಕ್ಕೆ ಒಂದು, ದೊಡ್ಡದಕ್ಕೆ ಒಂದು. ಅಲ್ಲಿ ಉಸಿರಿನ ಲೆಕ್ಕವೇ ಸರಿ. ಆಮೇಲೆ ಐರ್ಲೆಂಡಿನ ಸನ್ಯಾಸಿಗಳು ಪದಗಳ ನಡುವೆ ಜಾಗ ಬಿಡತೊಡಗಿದರು, ಅಚ್ಚಿನ ಯಂತ್ರ ಬಂತು, ಜನ ಮನಸ್ಸಿನಲ್ಲೇ ಓದುವುದು ಹೆಚ್ಚಾಯಿತು. ಚುಕ್ಕಿಯ ಜಾಗಕ್ಕೆ ಕಾಮಾ ಬಂತು, ಅದರ ಕೆಲಸವೂ ನಿಧಾನಕ್ಕೆ ಬದಲಾಯಿತು.

ಹಳೆಯ ಅಭ್ಯಾಸದ ಗುರುತು ಅಮೆರಿಕದ ಸಂವಿಧಾನದಲ್ಲೇ ಉಳಿದಿದೆ. ಬಂದೂಕಿನ ಹಕ್ಕಿನ ಬಗ್ಗೆ ಹೇಳುವ, 1791ರಲ್ಲಿ ಜಾರಿಗೆ ಬಂದ ಎರಡನೇ ತಿದ್ದುಪಡಿಯಲ್ಲಿ 'ಆರ್ಮ್ಸ್' ಆದ ಮೇಲೆ ಒಂದು ಕಾಮಾ ಇದೆ, ಅದರ ಹಿಂದೆಯೇ 'ಶಲ್ ನಾಟ್ ಬಿ ಇನ್‌ಫ್ರಿಂಜ್ಡ್'. ಅಂದರೆ 'ಆಯುಧ ಇಟ್ಟುಕೊಳ್ಳುವ ಹಕ್ಕು' ಅನ್ನುವ ಕರ್ತೃ ಮತ್ತು 'ಮೊಟಕುಗೊಳಿಸಬಾರದು' ಅನ್ನುವ ಕ್ರಿಯಾಪದದ ನಡುವೆ ಕಾಮಾ! ಇವತ್ತು ಪರೀಕ್ಷೆಯಲ್ಲಿ ಹೀಗೆ ಬರೆದರೆ ಕೆಂಪು ಗೆರೆ ಖಂಡಿತ. ಆ ಕಾಲದಲ್ಲಿ ಉದ್ದನೆಯ ಕರ್ತೃವಿನ ಕೊನೆಗೆ ಕಾಮಾ ಹಾಕುವುದು ಮಾಮೂಲಿಯಾಗಿತ್ತು. ಅದೇ ವಾಕ್ಯದ ಇನ್ನೊಂದು ಕಾಮಾವನ್ನು, ಅಂದರೆ ಎರಡನೆಯದನ್ನು ಹಿಡಿದುಕೊಂಡು, ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ 2007ರಲ್ಲಿ ತಿದ್ದುಪಡಿಯನ್ನು ಪೀಠಿಕೆ ಒಂದು, ಮುಖ್ಯ ಭಾಗ ಒಂದು ಎಂದು ಎರಡಾಗಿ ಬಿಡಿಸಿ ಓದಿತು.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಈ ವಾಕ್ಯವನ್ನು ಒಂದೇ ಓಟದಲ್ಲಿ ಓದಿ: 'ವೈಲ್ ದ ಮ್ಯಾನ್ ಹಂಟೆಡ್ ದ ಡಿಯರ್ ರ‍್ಯಾನ್ ಇಂಟು ದ ವುಡ್ಸ್'. ಓದುವ ಮೆದುಳು ವಾಕ್ಯ ಮುಗಿಯಲಿ ಅಂತ ಕಾಯುವುದಿಲ್ಲ. ಪದ ಬಂದ ಹಾಗೆ ಜೋಡಿಸುತ್ತಾ ಹೋಗುತ್ತದೆ. 'ಡಿಯರ್' ಕಂಡ ಕೂಡಲೇ ಅದನ್ನು 'ಹಂಟೆಡ್'ಗೆ ಕಟ್ಟಿಹಾಕಿ, ಆತ ಜಿಂಕೆಯನ್ನು ಬೇಟೆಯಾಡಿದ ಅಂತ ತೀರ್ಮಾನಿಸುತ್ತದೆ. ಅಷ್ಟರಲ್ಲಿ 'ರ‍್ಯಾನ್' ಬಂದು ಎಲ್ಲ ಕೆಡಿಸುತ್ತದೆ, ಓಡಿದ್ದು ಜಿಂಕೆ ಅಂತ ಗೊತ್ತಾಗುತ್ತದೆ. ಕಟ್ಟಿದ್ದನ್ನು ಬಿಚ್ಚಬೇಕು, ಮತ್ತೆ ಕಟ್ಟಬೇಕು. 2001ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಇಂಥ ವಾಕ್ಯ ಓದಿದವರನ್ನು 'ಆತ ಜಿಂಕೆಯನ್ನು ಬೇಟೆಯಾಡಿದನಾ?' ಅಂತ ಕೇಳಿದಾಗ, ವಾಕ್ಯ ಪೂರ್ತಿ ಓದಿ ಮುಗಿಸಿದ ಮೇಲೂ ಎಷ್ಟೋ ಮಂದಿ ಹೌದು ಅಂದರು. ಬಿಚ್ಚಿದ ಮೇಲೂ ಹಳೆಯ ತಪ್ಪು ಚಿತ್ರ ಪೂರ್ತಿ ಅಳಿಸಿಹೋಗುವುದಿಲ್ಲ. 'ಹಂಟೆಡ್' ಆದ ಮೇಲೆ ಒಂದು ಕಾಮಾ ಇದ್ದಿದ್ದರೆ ಇಷ್ಟೆಲ್ಲ ರಾಮಾಯಣ ಬೇಡವಾಗಿತ್ತು.

ಬಸ್ಸಿನ ಹಿಂಬದಿಯಲ್ಲಿ ಏನಾಗುತ್ತಿದೆ ಅನ್ನುವುದು ಡ್ರೈವರ್‌ಗೆ ಕಾಣುವುದಿಲ್ಲ, ಕಂಡಕ್ಟರ್ ಸೀಟಿ ಊದಿದರೆ ನಿಲ್ಲಿಸುತ್ತಾನೆ. ಓದುಗನಿಗೂ ಮುಂದಿನ ಪದ ಕಾಣುವುದಿಲ್ಲ, ಕಾಮಾ ಅವನಿಗೆ ಸೀಟಿ. ಉಸಿರು ಬಿಟ್ಟಾಗಲೆಲ್ಲ ಸೀಟಿ ಊದುವ ಕಂಡಕ್ಟರ್‌ನನ್ನು ಊಹಿಸಿಕೊಳ್ಳಿ, ಆ ಬಸ್ಸು ಊರು ಸೇರಿದಂತೆಯೇ!

ಜರ್ಮನಿಯಲ್ಲಿ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆದವರಿಗೆ ಇನ್ನೂ ಸ್ವಾರಸ್ಯದ ಸಂಗತಿ ಸಿಕ್ಕಿತು. ಮಾತು ಕೇಳುವಾಗ ಒಂದು ಪದಗುಚ್ಛ ಮುಗಿದಲ್ಲಿ ಮೂಡುವ ಅಲೆಯಂಥದೇ ಅಲೆ, ಸದ್ದಿಲ್ಲದೆ ಓದುವಾಗ ಕಾಮಾ ಕಂಡಲ್ಲೂ ಮೂಡುತ್ತದೆ.

ನಮಗೆ ಇದು ಯಾಕೆ ಕಷ್ಟ? ಕನ್ನಡದಲ್ಲಿ ಈ ಕೆಲಸವನ್ನು ಪದದ ಬಾಲವೇ ಮಾಡಿಬಿಡುತ್ತದೆ. 'ಆತ ಬೇಟೆಯಾಡುತ್ತಿದ್ದಾಗ ಜಿಂಕೆ ಕಾಡಿಗೆ ಓಡಿತು' ಅನ್ನುವಲ್ಲಿ 'ಆಗ' ಬಂದ ಕೂಡಲೇ ಮೊದಲ ಭಾಗಕ್ಕೆ ಬಾಗಿಲು ಬಿತ್ತು. ಆದರೆ ಇಂಗ್ಲಿಷಿನ ಕಾಮಾ ಹೇಳುವ ಕೆಲವು ಸಂಗತಿಗಳನ್ನು ನಮ್ಮ ಬಾಲಗಳು ಹೇಳುವುದಿಲ್ಲ. 'ಮೈಸೂರಿನಲ್ಲಿರುವ ನನ್ನ ಅಕ್ಕ' ಅಂದರೆ ನಿಮಗೆ ಎಷ್ಟು ಅಕ್ಕಂದಿರು ಅನ್ನುವುದು ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ 'ಹೂ ಲಿವ್ಸ್ ಇನ್ ಮೈಸೂರು' ಅನ್ನುವುದರ ಎರಡೂ ಕಡೆ ಕಾಮಾ ಇದ್ದರೆ ಇರುವವಳು ಒಬ್ಬಳೇ ಅಕ್ಕ, ಊರಿನ ಮಾತು ಹೆಚ್ಚಿನ ವಿವರ ಅಷ್ಟೇ. ಕಾಮಾ ಇಲ್ಲದಿದ್ದರೆ ಬೇರೆ ಊರಲ್ಲೂ ಅಕ್ಕಂದಿರಿದ್ದಾರೆ, ಅವರಲ್ಲಿ ಈಕೆ ಅಂತ. ಮೊದಲಿನ ಕಾಮಾ ಹಾಕಿ ಎರಡನೆಯದನ್ನು ಮರೆಯುವವರೇ ಜಾಸ್ತಿ. ಆಗ ಉಳಿದ ಒಂಟಿ ಕಾಮಾ 'ಸಿಸ್ಟರ್' ಅನ್ನು ಅದರ ಕ್ರಿಯಾಪದದಿಂದ ಕತ್ತರಿಸಿಬಿಡುತ್ತದೆ.