ನರ್ಸರಿಯ ಜಾಣ ಗಿಡ, ಗುಡ್ಡದ ಪುಂಡ ಗಿಡ

ಬೆಳಗಾವಿಯ ಯಾವುದಾದರೂ ನರ್ಸರಿಗೆ ಹೋಗಿ, "ಜಾಸ್ತಿ ನೀರು ಬೇಡದ, ವರ್ಷವಿಡೀ ಹೂ ಬಿಡುವ, ದನ ಬಾಯಿ ಹಾಕದ ಗಿಡ ಕೊಡಿ" ಅಂತ ಕೇಳಿ. ತೋರಿಸುವ ಗಿಡಗಳಲ್ಲಿ ಲಂಟಾನವೂ ಇದ್ದೀತು. ಆದರೆ ಒಂದು ಕಳೆಗೆ ಬೇಕಾದ ಗುಣಗಳೂ ಇವೇ ಅಲ್ವಾ?

ಖಾನಾಪುರ ದಾಟಿ ಲೋಂಡಾ ಕಡೆ ಹೊರಟರೆ ರಸ್ತೆ ಬದಿಯಲ್ಲಿ, ಕಾಡಿನ ಅಂಚಿನಲ್ಲಿ ಇದೇ ಗಿಡ ಪೊದೆಯಾಗಿ ಹಬ್ಬಿದೆ. ಒಂದು ಗೊಂಚಲನ್ನು ಹತ್ತಿರದಿಂದ ನೋಡಿ. ನಡುವೆ ಹಳದಿ, ಸುತ್ತ ಗುಲಾಬಿ ಇಲ್ಲವೇ ಕೆಂಪು. ಇವು ಬೇರೆ ಬೇರೆ ಜಾತಿಯ ಹೂಗಳಲ್ಲ. ಹೊಸದಾಗಿ ಅರಳಿದ್ದು ಹಳದಿ. ಪರಾಗಸ್ಪರ್ಶವಾದ ಮೇಲೆ ಬಣ್ಣ ತಿರುಗುತ್ತದೆ. ಮಕರಂದ ಸಿಗುವುದು ಹಳದಿ ಹೂವಿನಲ್ಲೇ, ಪಾತರಗಿತ್ತಿಗಳು ಹೋಗುವುದೂ ಅಲ್ಲಿಗೇ. ಕೆಲಸ ಮುಗಿದ ಹೂಗಳು ಮಾತ್ರ ತಕ್ಷಣ ಉದುರುವುದಿಲ್ಲ. ಅಂಗಡಿಯ ಬೋರ್ಡಿನಂತೆ ನಿಂತು ದೂರದ ಗಿರಾಕಿಗಳನ್ನು ಕರೆಯುತ್ತವೆ. ಎಂಥ ಲೆಕ್ಕಾಚಾರ ನೋಡಿ!

ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಯುರೋಪಿನ ತೋಟಗಾರರು ತಳಿ ಬೆರೆಸಿ ಬೆರೆಸಿ ಇದನ್ನು ಇನ್ನಷ್ಟು ಚೆಂದ ಮಾಡಿದರು. 1809ರ ಸುಮಾರಿಗೆ ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಬಂಗಲೆಗಳ ಬೇಲಿಗೆ ಬಂತು. ಬೇಲಿಯಿಂದ ಕಾಡಿಗೆ ಒಯ್ಯಲು ಪಿಕಳಾರದಂಥ ಹಕ್ಕಿಗಳು ಇದ್ದೇ ಇದ್ದವು. ಕಪ್ಪು ಹಣ್ಣನ್ನು ಇಡಿಯಾಗಿ ನುಂಗಿ, ಇನ್ನೊಂದು ಮರದ ಮೇಲೆ ಕೂತು ಬೀಜ ಉದುರಿಸುತ್ತವೆ.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವೆ. ಆದರೆ ಬೇರೆ ಮೇವು ಇದ್ದರೆ ದನಕರು ಲಂಟಾನದ ತಂಟೆಗೆ ಹೋಗುವುದಿಲ್ಲ. ಹಸಿವಿಗೆ ತಿಂದ ದನಕ್ಕೆ ಲಿವರ್ ಕೆಡುತ್ತದೆ, ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುತ್ತದೆ. ಹೀಗೆ ಸುತ್ತಲಿನ ಹುಲ್ಲು ಮೇವಾಗುತ್ತದೆ, ಲಂಟಾನ ಹಾಗೇ ಉಳಿಯುತ್ತದೆ. ದಟ್ಟ ನೆರಳು ಮಾತ್ರ ಇದಕ್ಕೆ ಆಗಿಬರುವುದಿಲ್ಲ. ಅದಕ್ಕೇ ಮರ ಕಡಿದ ಜಾಗ, ರಸ್ತೆ ಅಂಚು ಸಿಕ್ಕರೆ ಮೊದಲು ನುಗ್ಗುತ್ತದೆ. ಪೊದೆಯ ಕೆಳಗೆ ಹುಲ್ಲು ಏಳುವುದಿಲ್ಲ. ಹುಲ್ಲು ಹೋದರೆ ಕಾಡುಕೋಣ, ಜಿಂಕೆ ಏನು ತಿನ್ನಬೇಕು? ಇದೇ ಖಾನಾಪುರ ಸೀಮೆಯಲ್ಲಿ, 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡವಿದೆ. ಅದರ ಸುತ್ತಮುತ್ತ ಬೇಲಿಗೆ ಏನು ನೆಡುತ್ತೀರಿ ಅನ್ನುವುದು ಬರೀ ಮನೆಯ ಮಾತಲ್ಲ.

ಸುಮ್ನೆ ಕಡಿದರೆ ಪ್ರಯೋಜನವಿಲ್ಲ. ಕಾಂಡ ಬೇರಿಗೆ ಸೇರುವ ಜಾಗದಿಂದ ಮತ್ತೆ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಇದಕ್ಕೊಂದು ಸರಳ ದಾರಿ ಹುಡುಕಿದರು. ನೆಲದಿಂದ ಸ್ವಲ್ಪ ಕೆಳಗೆ ತಾಯಿಬೇರು ಕತ್ತರಿಸಿ, ಇಡೀ ಪೊದೆಯನ್ನು ತಲೆಕೆಳಗು ಮಾಡಿಡಬೇಕು. ಬೇರು ಒಣಗಿ ಗಿಡ ಸಾಯುತ್ತದೆ. ಆಮೇಲೆ ಅಲ್ಲಿ ಹುಲ್ಲು ಬೆಳೆಸಬೇಕು. ಹಕ್ಕಿ ಕೂರುವ ಮರಗಳ ಕೆಳಗೆ ಮಳೆಗಾಲದಲ್ಲಿ ಏಳುವ ಸಸಿಗಳನ್ನು ಆಗಾಗ ಕೀಳುತ್ತಿರಬೇಕು. ಬೇಸರದ ಕೆಲಸವೇ, ಆದರೆ ವಿಷ ಹೊಡೆಯುವುದಕ್ಕಿಂತ ವಾಸಿ.

ಬೀಜ ಕಟ್ಟದ ತಳಿ ಅಂತ ಮಾರುವ ಲಂಟಾನಗಳೂ ಇವೆ. ಅವನ್ನು ನಾನು ಪೂರ್ತಿ ನಂಬುವುದಿಲ್ಲ. ಕೆಲವು ಅಷ್ಟಿಷ್ಟು ಬೀಜ ಬಿಡುತ್ತವೆ, ಕೆಲವುಗಳ ಪರಾಗ ಕಾಡಿನ ಲಂಟಾನವನ್ನು ಮುಟ್ಟಿ ಅಲ್ಲಿ ಬೀಜ ಕಟ್ಟಿಸಬಹುದು.

ಹೀಗೆ ತೋಟದಿಂದ ಹೊರಬೀಳುವುದು ಲಂಟಾನ ಒಂದೇ ಅಲ್ಲ. ಹಳದಿ ಹೂವಿನ ವೆಡೇಲಿಯಾ ಬಳ್ಳಿಗೆ ಹಬ್ಬಲು ಹಕ್ಕಿಯೂ ಬೇಡ. ನೆಲ ಮುಚ್ಚಲು ಚೆಂದ ಅಂತ ನೆಡುತ್ತೇವೆ, ಜಾಸ್ತಿಯಾದಾಗ ಕಿತ್ತು ಹಳ್ಳದ ದಂಡೆಗೆ ಎಸೆಯುತ್ತೇವೆ. ಬೆಳಗಾವಿ ಮಳೆಯಲ್ಲಿ ನೆಲ ತಾಗಿದ ಗೆಣ್ಣುಗಳು ಬೇರು ಬಿಡಲು ಅಷ್ಟು ಸಾಕು. ಕಿತ್ತ ಬಳ್ಳಿಯನ್ನು ಬೇಸಿಗೆಯ ಬಿಸಿಲಿಗೆ, ತಾರಸಿಯ ಮೇಲೆ ಹರಡಿ, ಮುರಿದರೆ ಪಟಪಟ ಅನ್ನುವಷ್ಟು ಒಣಗಿಸಿ ಆಮೇಲೆ ಹೊರಗೆ ಹಾಕಿ.