ಬೆಳಕಿನ ವೇಗದಲ್ಲಿ ಓಡುವ ಎಲೆಕ್ಟ್ರಾನ್ ಗೊಂಚಲನ್ನು ಚಿಕ್ಕದು ಮಾಡುವುದು ಹೇಗೆ?

ಪ್ರಶ್ನೆ: ಎಕ್ಸ್-ಕಿರಣ ಲೇಸರ್‌ಗಳಿಗಾಗಿ ವೇಗವರ್ಧಕಗಳಲ್ಲಿ ಎಲೆಕ್ಟ್ರಾನ್ ಗೊಂಚಲನ್ನು ನೂರರ ಹತ್ತಿರ ಪಟ್ಟು ಚಿಕ್ಕದು ಮಾಡುತ್ತಾರೆ ಎಂದು ಓದಿದೆ. ಆದರೆ ಅಷ್ಟರಲ್ಲಿ ಎಲ್ಲ ಎಲೆಕ್ಟ್ರಾನ್‌ಗಳೂ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಓಡುತ್ತಿರುತ್ತವಲ್ಲ, ಹಿಂದಿನವು ಮುಂದಿನವನ್ನು ಹಿಡಿಯುವುದಾದರೂ ಹೇಗೆ?

ಉತ್ತರ: ನೇರ ಕೊಳವೆಯಲ್ಲಿ ಓಡಲು ಬಿಟ್ಟರೆ ಹಿಡಿಯುವುದೇ ಇಲ್ಲ. 250 ಮೆಗಾ ಎಲೆಕ್ಟ್ರಾನ್‌ವೋಲ್ಟ್ (ಎಂಇವಿ) ಶಕ್ತಿಯ ಎರಡು ಎಲೆಕ್ಟ್ರಾನ್‌ಗಳ ನಡುವೆ ಶೇ. 1ರಷ್ಟು ಶಕ್ತಿಯ ವ್ಯತ್ಯಾಸವಿದೆ ಎನ್ನಿ. 10 ಮೀಟರ್ ಓಡಿದ ಮೇಲೂ ಹೆಚ್ಚು ಶಕ್ತಿಯದಕ್ಕೆ ಸಿಗುವ ಮುನ್ನಡೆ ಅರ್ಧ ಮೈಕ್ರೋಮೀಟರ್‌ಗಿಂತ ಕಡಿಮೆ. ಗೊಂಚಲಿನ ಉದ್ದವೋ ಒಂದು ಮಿಲಿಮೀಟರ್ ಆಸುಪಾಸು. ಆದ್ದರಿಂದ ವೇಗದ ಗೊಡವೆ ಬಿಟ್ಟು ದಾರಿಯ ಉದ್ದವನ್ನೇ ಬದಲಿಸಬೇಕು. ಓಟದ ಮೈದಾನದ ತಿರುವಿನಲ್ಲಿ ಒಳಸುತ್ತಿನವನು ಹೊರಸುತ್ತಿನವನಷ್ಟೇ ವೇಗವಾಗಿ ಓಡಿದರೂ ಮುಂದೆ ಬರುತ್ತಾನೆ. ಇಲ್ಲಿ ನಡೆಯುವುದೂ ಅದೇ.

ಎಲೆಕ್ಟ್ರಾನ್‌ಗಳು ಹೊರಡುವ ಗನ್ನಿನಲ್ಲೇ ಚಿಕ್ಕ ಗೊಂಚಲನ್ನು ಹುಟ್ಟಿಸಬಾರದೇಕೆ ಎಂಬ ಪ್ರಶ್ನೆ ಇದರ ಬೆನ್ನಿಗೇ ಏಳುತ್ತದೆ. 250 ಪಿಕೊಕೂಲಂಬ್ ಆವೇಶವೆಂದರೆ ಸುಮಾರು 156 ಕೋಟಿ ಎಲೆಕ್ಟ್ರಾನ್‌ಗಳು. ಕಡಿಮೆ ಶಕ್ತಿಯಲ್ಲಿ ಅವನ್ನು ಒತ್ತಾಗಿ ಕೂಡಿಹಾಕಿದರೆ ಒಂದನ್ನೊಂದು ತಳ್ಳಿಕೊಂಡು ಗೊಂಚಲು ಕೆದರಿಹೋಗುತ್ತದೆ. ಶಕ್ತಿ ಏರಿದಂತೆ ಈ ತಳ್ಳಾಟ ಶಕ್ತಿಯ ವರ್ಗಕ್ಕೆ ವಿಲೋಮವಾಗಿ ತಗ್ಗುತ್ತದೆ: 6 ಎಂಇವಿಯಿಂದ 250 ಎಂಇವಿಗೆ ಹೋದರೆ ಸಾವಿರ ಪಟ್ಟಿಗೂ ಮಿಕ್ಕಿ. ಹಾಗಾಗಿ ಕೆಲವು ಪಿಕೊಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು) ಉದ್ದದ ಗೊಂಚಲನ್ನು ಹುಟ್ಟಿಸಿ, ಶಕ್ತಿ ತುಂಬಿ, ಆಮೇಲೆ ಸಂಕುಚಿಸುತ್ತಾರೆ.

ಕೆಲಸಕ್ಕೆ ಎರಡು ಹೆಜ್ಜೆ ಬೇಕು. ಮೊದಲನೆಯದು, ಗೊಂಚಲಿನ ತಲೆಗೆ ಕಡಿಮೆ, ಬಾಲಕ್ಕೆ ಹೆಚ್ಚು ಶಕ್ತಿ ಕೊಡುವುದು. ಎಲೆಕ್ಟ್ರಾನ್‌ಗಳಿಗೆ ಶಕ್ತಿ ತುಂಬುವ ಲೋಹದ ಪೊಳ್ಳಿನ, ಅಂದರೆ ವೇಗವರ್ಧಕ ಕುಹರದ, ರೇಡಿಯೊ ಅಲೆಯ ನೆತ್ತಿಯ ಮೇಲೆ ಗೊಂಚಲನ್ನು ಕೂರಿಸದೆ, ಅಲೆ ಇನ್ನೂ ಏರುತ್ತಿರುವಾಗ, ನೆತ್ತಿಗೆ 20–30 ಡಿಗ್ರಿ ಮುಂಚೆಯೇ ಕುಹರಕ್ಕೆ ಬರುವಂತೆ ಮಾಡಿದರೆ ಸಾಕು. ಮೊದಲು ಬಂದ ತಲೆ ಕಡಿಮೆ ವೋಲ್ಟೇಜ್ ಕಾಣುತ್ತದೆ, ತಡವಾಗಿ ಬಂದ ಬಾಲ ಹೆಚ್ಚು. ಈ ಏರಿಕೆಗೆ ಚಿರ್ಪ್ ಎಂದು ಹೆಸರು. ಇದಕ್ಕೆ ಬೆಲೆಯೂ ಇದೆ. 25 ಡಿಗ್ರಿಯಲ್ಲಿ ವೋಲ್ಟೇಜಿನ ಶೇ. 9ಕ್ಕೂ ಹೆಚ್ಚು ಪಾಲು ಕೈತಪ್ಪುತ್ತದೆ.

ಎರಡನೆಯದು ಚಿಕೇನ್, ಅಂದರೆ ಸಾಲಾಗಿ ನಿಂತ ನಾಲ್ಕು ಡೈಪೋಲ್ ಅಯಸ್ಕಾಂತಗಳು. ಮೊದಲನೆಯದು ಗೊಂಚಲನ್ನು ಪಕ್ಕಕ್ಕೆ ಬಾಗಿಸುತ್ತದೆ, ನಡುವಿನ ಎರಡು ವಾಪಸು ತಿರುಗಿಸುತ್ತವೆ, ಕೊನೆಯದು ಮತ್ತೆ ನೇರ ದಾರಿಗೆ ತರುತ್ತದೆ. ಕಡಿಮೆ ಶಕ್ತಿಯ ತಲೆ ಹೆಚ್ಚು ಬಾಗಿ ದೂರದ ಸುತ್ತು ಹಾಕುತ್ತದೆ, ಬಾಲಕ್ಕೆ ಹತ್ತಿರದ ದಾರಿ ಸಿಗುತ್ತದೆ. ಬಾಗುವ ಕೋನ 0.1 ರೇಡಿಯನ್, 1ನೇ–2ನೇ ಮತ್ತು 3ನೇ–4ನೇ ಅಯಸ್ಕಾಂತಗಳ ನಡುವೆ ತಲಾ 2.4 ಮೀಟರ್, ಅಯಸ್ಕಾಂತದ ಉದ್ದ 0.2 ಮೀಟರ್ ಎಂದು ಹಿಡಿದರೆ, ಶೇ. 1ರ ಶಕ್ತಿ ವ್ಯತ್ಯಾಸಕ್ಕೆ ಸುಮಾರು ಅರ್ಧ ಮಿಲಿಮೀಟರ್ ದಾರಿಯ ವ್ಯತ್ಯಾಸ ಸಿಗುತ್ತದೆ. ನೇರ ಕೊಳವೆಯ ಮುನ್ನಡೆಯ ಸಾವಿರ ಪಟ್ಟು!

ಈ ಶಕ್ತಿ–ದಾರಿ ಅನುಪಾತವನ್ನು ಆರ್-56 ಎನ್ನುತ್ತಾರೆ. ಸಂಕೋಚನದ ಲೆಕ್ಕ ಸುಲಭ: ಚಿರ್ಪ್ ಅನ್ನು ಆರ್-56ರಿಂದ ಗುಣಿಸಿ, 1ರಿಂದ ಕಳೆದು, ಉಳಿದದ್ದರಿಂದ 1ನ್ನು ಭಾಗಿಸಿ. ಮೀಟರಿಗೆ 20ರ ಚಿರ್ಪ್ (ಅಂದರೆ ಗೊಂಚಲಿನ ಉದ್ದದ ಪ್ರತಿ ಮಿಲಿಮೀಟರಿಗೆ ಶೇ. 2ರ ಶಕ್ತಿ ಏರಿಕೆ), 45 ಮಿಲಿಮೀಟರ್ ಆರ್-56 ಇದ್ದರೆ ಗುಣಲಬ್ಧ 0.9, ಸಂಕೋಚನ 10 ಪಟ್ಟು. 0.85 ಮಿಲಿಮೀಟರ್ ಗೊಂಚಲು 0.085ಕ್ಕೆ ಇಳಿಯುತ್ತದೆ, ಶಿಖರ ವಿದ್ಯುತ್ 35 ಆಂಪಿಯರ್‌ನಿಂದ 350ಕ್ಕೆ ಏರುತ್ತದೆ. ಅಪಾಯವೂ ಇದೇ ಲೆಕ್ಕದಲ್ಲಿ ಅಡಗಿದೆ. ಚಿರ್ಪ್ ಶೇ. 1ರಷ್ಟು ಹೆಚ್ಚಾದರೆ ಗುಣಲಬ್ಧ 0.909, ಸಂಕೋಚನ 11 ಪಟ್ಟು, ಅಂದರೆ ಶೇ. 1ರ ತಪ್ಪು ಶೇ. 10 ಆಗಿ ಹೊರಬರುತ್ತದೆ. ನೂರು ಪಟ್ಟನ್ನು ಒಂದೇ ಏಟಿಗೆ ಮಾಡಹೊರಟರೆ ಅದೇ ಶೇ. 1 ಸಂಕೋಚನವನ್ನೇ ಹಳಿ ತಪ್ಪಿಸುತ್ತದೆ. ರೇಡಿಯೊ ಅಲೆಯ ಹಂತವನ್ನು (ಫೇಸ್) ಡಿಗ್ರಿಯ ಹತ್ತನೇ ಒಂದರೊಳಗೆ ಹಿಡಿದಿಡಬೇಕೆಂದು ಪಟ್ಟು ಹಿಡಿಯುವುದು ಇದಕ್ಕೇ. 2,856 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 100 ಫೆಮ್ಟೊಸೆಕೆಂಡ್. ಸಂಕೋಚನವನ್ನು ಹಂತಹಂತವಾಗಿ ಹಂಚುವುದಕ್ಕೂ ಇದು ಒಂದು ಕಾರಣ. ಅಮೆರಿಕದ ಸ್ಲಾಕ್ ಪ್ರಯೋಗಾಲಯದಲ್ಲಿ 2009ರಲ್ಲಿ ಬೆಳಗಿದ ಎಲ್‌ಸಿಎಲ್‌ಎಸ್‌ ಎಕ್ಸ್-ಕಿರಣ ಲೇಸರ್‌ಗೆ ಎರಡು ಚಿಕೇನ್. ಜರ್ಮನಿಯ ಯುರೋಪಿಯನ್ ಎಕ್ಸ್‌ಎಫ್‌ಇಎಲ್‌ಗೆ ಮೂರು, 130, 700 ಮತ್ತು 2,400 ಎಂಇವಿಗಳಲ್ಲಿ.

ಇಲ್ಲಿಯವರೆಗಿನದು ಚಿರ್ಪ್ ನೆಟ್ಟಗಿನ ಗೆರೆಯಂತಿದ್ದರೆ. ಅಲೆ ಗೆರೆಯಲ್ಲ, ಬಾಗಿರುತ್ತದೆ, ಚಿಕೇನ್ ಕೂಡ ತನ್ನದೊಂದು ಬಾಗನ್ನು ಸೇರಿಸುತ್ತದೆ. ಹಾಗೆಯೇ ಬಿಟ್ಟರೆ ಗೊಂಚಲಿನ ಒಂದು ತುದಿಯಲ್ಲಿ ಚೂಪಾದ ಕೊಂಬು ಎದ್ದು, ಉಳಿದ ಭಾಗ ಸಂಕುಚಿಸದೆ ಉದ್ದಕ್ಕೆ ಮಲಗಿರುತ್ತದೆ. ಮದ್ದು ಹೆಚ್ಚು ಆವರ್ತನದ ಒಂದು ಚಿಕ್ಕ ಕುಹರ, ಎಲ್‌ಸಿಎಲ್‌ಎಸ್‌ನಲ್ಲಿ ಮೂಲ ಆವರ್ತನದ ನಾಲ್ಕು ಪಟ್ಟು, ಯುರೋಪಿಯನ್ ಎಕ್ಸ್‌ಎಫ್‌ಇಎಲ್‌ನಲ್ಲಿ ಮೂರು ಪಟ್ಟು. ಈ ಕುಹರ ಗೊಂಚಲಿನ ವೇಗ ಹೆಚ್ಚಿಸುವುದಿಲ್ಲ, ಶಕ್ತಿಯನ್ನು ಕಸಿಯುವ ಹಂತದಲ್ಲಿ ಓಡುತ್ತದೆ. ಹಾಗಾದಾಗಲೇ ಅದರ ಬಾಗು ಮುಖ್ಯ ಅಲೆಯ ಬಾಗಿಗೆ ಎದುರಾಗುತ್ತದೆ. ಬಾಗುವಿಕೆ ಆವರ್ತನದ ವರ್ಗಕ್ಕೆ ಅನುಗುಣವಾದ್ದರಿಂದ ನಾಲ್ಕು ಪಟ್ಟಿನ ಕುಹರಕ್ಕೆ ಸ್ಥೂಲವಾಗಿ ಹದಿನಾರನೇ ಒಂದು ಪಾಲು ವೋಲ್ಟೇಜ್ ಸಾಕು, ಚಿಕೇನಿನ ಬಾಗನ್ನೂ ತೀರಿಸಲು ಇನ್ನಷ್ಟು ಸೇರಿಸಬೇಕು.

ಆಮೇಲೆ ಬರುವ ತೊಂದರೆಯೇ ಅತಿ ಕಷ್ಟದ್ದು. ಗೊಂಚಲಿಗಿಂತ ಉದ್ದದ ತರಂಗಗಳಲ್ಲಿ ಎಲೆಕ್ಟ್ರಾನ್‌ಗಳೆಲ್ಲ ಒಂದೇ ತಾಳಕ್ಕೆ ವಿಕಿರಣ ಸೂಸುತ್ತವೆ. ಆಗ ಅದರ ಬಲ ಎಲೆಕ್ಟ್ರಾನ್‌ಗಳ ಸಂಖ್ಯೆಯ ವರ್ಗಕ್ಕೆ ಏರುತ್ತದೆ. ಅಯಸ್ಕಾಂತದೊಳಗೆ ಗೊಂಚಲು ಬಾಗಿ ಹೋಗುವಾಗ ಬಾಲ ಸೂಸಿದ ಬೆಳಕು ನೇರ ದಾರಿ ಹಿಡಿದು ತಲೆಯನ್ನು ಮುಟ್ಟುತ್ತದೆ. ತಲೆಯ ಶಕ್ತಿ ತಿರುವಿನ ನಡುವೆಯೇ ಬದಲಾದರೆ ಅದು ಹೊರಬರುವ ಕೋನವೂ ತಪ್ಪುತ್ತದೆ, ಬಾಗುವ ಸಮತಲದಲ್ಲಿ ಎಮಿಟೆನ್ಸ್ (ಗೊಂಚಲಿನ ಅಗಲ ಮತ್ತು ಕೋನಗಳ ಒಟ್ಟು ಹರವು) ಕೆಡುತ್ತದೆ. ಹಾನಿಯೆಲ್ಲ ಹೆಚ್ಚಾಗಿ ನಾಲ್ಕನೇ ಅಯಸ್ಕಾಂತದಲ್ಲಿ, ಗೊಂಚಲು ಅತಿ ಚಿಕ್ಕದಾಗಿರುವಲ್ಲಿ. ಆದ್ದರಿಂದ ಗೊಂಚಲನ್ನು ಮಸೂರದಂತೆ ಕೂಡಿಸುವ ಕ್ವಾಡ್ರುಪೋಲ್ ಅಯಸ್ಕಾಂತಗಳಿಂದ ಅಲ್ಲಿ ಗೊಂಚಲನ್ನು ಅಗಲದಲ್ಲಿ ಕಿರಿದಾಗಿಸುತ್ತಾರೆ, ಎರಡನೇ ಚಿಕೇನಿನ ಕೋನವನ್ನು ಕಡಿಮೆ ಇಡುತ್ತಾರೆ.

ಜೊತೆಗೆ ಗೊಂಚಲಿನೊಳಗಿನ ಸಣ್ಣ ಏರಿಳಿತಗಳು ಚಿಕೇನ್ ದಾಟುವಾಗ ದೊಡ್ಡದಾಗುತ್ತವೆ. ಎಲೆಕ್ಟ್ರಾನ್‌ಗಳು ಅತಿ ಸಮಶಕ್ತಿಯವಾಗಿರುವುದೇ ಇಲ್ಲಿ ತೊಡಕು. ಲೇಸರ್ ಹೀಟರ್‌ನಿಂದ ಅವುಗಳ ಶಕ್ತಿಯನ್ನು ಬೇಕೆಂದೇ ಹತ್ತಿಪ್ಪತ್ತು ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಷ್ಟು ಕದಡಿದರೆ ಏರಿಳಿತಗಳು ಅಳಿಸಿಹೋಗುತ್ತವೆ. ಹೆಚ್ಚು ಕದಡುವಂತಿಲ್ಲ, ಏಕೆಂದರೆ ಈ ಶಕ್ತಿಹರಡು ಸಂಕೋಚನದಷ್ಟೇ ಪಟ್ಟು ಹಿಗ್ಗುತ್ತದೆ. ಉದ್ದ ಮತ್ತು ಶಕ್ತಿಹರಡು ಸೇರಿ ಆಕ್ರಮಿಸುವ ವಿಸ್ತೀರ್ಣವನ್ನು ಯಾವ ಚಿಕೇನೂ ಕುಗ್ಗಿಸಲಾರದು.

ಯಂತ್ರವನ್ನು ಹೊಂದಿಸುವಾಗ ಮೊದಲು ಹಂತವನ್ನು ಆಚೀಚೆ ಸರಿಸುತ್ತಾ, ಚಿಕೇನಿನ ನಡುವಿನ ಸ್ಥಾನಸೂಚಕದಲ್ಲಿ ಶಕ್ತಿ ಗರಿಷ್ಠವಾಗುವ ಬಿಂದುವನ್ನು ಹುಡುಕಬೇಕು. ಅದೇ ಅಲೆಯ ನೆತ್ತಿ. ಅಲ್ಲಿಂದ ಬೇಕಾದಷ್ಟು ಡಿಗ್ರಿ ಸರಿದು, ಶಕ್ತಿ ಕುಗ್ಗದಂತೆ ವೋಲ್ಟೇಜ್ ಏರಿಸಬೇಕು. ಚಿಕೇನಿನ ನಡುವೆ ಪರದೆ ಇಟ್ಟರೆ ಗೊಂಚಲಿನ ಅಗಲವೇ ಶಕ್ತಿಹರಡನ್ನು ತೋರಿಸುತ್ತದೆ: ಮೇಲಿನ ಉದಾಹರಣೆಯಲ್ಲಿ ಶೇ. 1.7ಕ್ಕೆ ನಾಲ್ಕೂವರೆ ಮಿಲಿಮೀಟರ್‌ನಷ್ಟು. ನಾಲ್ಕೂ ಅಯಸ್ಕಾಂತಗಳಿಗೆ ಒಂದೇ ವಿದ್ಯುತ್ ಮೂಲದಿಂದ ಸರಣಿಯಲ್ಲಿ ಪ್ರವಾಹ ಹರಿಸುವುದು ಒಳ್ಳೆಯದು. ಇಲ್ಲದಿದ್ದರೆ ಒಂದರ ಅಲುಗಾಟ ಉಳಿದವಕ್ಕೆ ಹೊಂದದೆ, ಹೊರಬರುವ ಗೊಂಚಲು ಶಕ್ತಿಗೆ ತಕ್ಕಂತೆ ಪಕ್ಕಕ್ಕೆ ಹರಡುತ್ತದೆ.

ಕೊನೆಗೆ ಉದ್ದದ ಅಳತೆ. ಚಿಕೇನಿನ ಹೊರಗೆ ವಿಕಿರಣದ ಬಲ ಅಳೆಯುವ ಸೂಚಕ ಗೊಂಚಲು ಚಿಕ್ಕದಾದಷ್ಟೂ ಹೆಚ್ಚು ತೋರಿಸುತ್ತದೆ. ಆದರೆ ಸಂಕೋಚನ ಗರಿಷ್ಠವನ್ನು ದಾಟಿ ಬಾಲವೇ ತಲೆಯ ಮುಂದೆ ಬಂದುಬಿಟ್ಟರೂ ಅದೇ ಓದು ಬರಬಹುದು. ಅನುಮಾನ ಬಂದರೆ ಹಂತವನ್ನು ಅರ್ಧ ಡಿಗ್ರಿಯಷ್ಟು ನೆತ್ತಿಯಿಂದ ದೂರ ಸರಿಸಿ ನೋಡಿ. ಓದು ಏರಿದರೆ ಇನ್ನೂ ಈಚೆ ಇದ್ದೀರಿ, ಇಳಿದರೆ ದಾಟಿದ್ದೀರಿ. ಗೊಂಚಲನ್ನು ಅಡ್ಡಕ್ಕೆ ಒದ್ದು ಪರದೆಯ ಮೇಲೆ ಹರಡಿಸುವ ಕುಹರವಿದ್ದರೆ ತಲೆ ಯಾವುದು, ಬಾಲ ಯಾವುದು, ಕೊಂಬು ಎಲ್ಲಿದೆ ಎಂಬುದೆಲ್ಲ ಕಣ್ಣಿಗೇ ಕಾಣುತ್ತದೆ.